‘ದೀಡಪಂಡಿತ’ ಅಂದರೆ ಡನಿಂಗ್-ಕ್ರೂಗರ್ ಪರಿಣಾಮವೇ?

ಪ್ರಶ್ನೆ (ಬೀದರ): ಪಾಠವೊಂದಕ್ಕೆ ಕನ್ನಡ ಪದ ಹುಡುಕುತ್ತಿದ್ದೇನೆ. ಮನೋವಿಜ್ಞಾನದ ‘ಡನಿಂಗ್-ಕ್ರೂಗರ್ ಪರಿಣಾಮ’ಕ್ಕೆ (ಒಂದು ಕೆಲಸ ಸರಿಯಾಗಿ ಬಾರದವರು ತಮಗೆ ಅದು ಚೆನ್ನಾಗಿ ಬರುತ್ತದೆ ಅಂದುಕೊಳ್ಳುವುದಕ್ಕೆ) ನಮ್ಮ ಕಡೆಯ ‘ದೀಡಪಂಡಿತ’, ‘ಅತಿ ಶಾಣ್ಯಾ’ (ಅತಿ ಜಾಣ) ಹೊಂದುತ್ತವೆಯೇ? ‘ಕುಣಿಯಲಾರದವಳು ನೆಲ ಡೊಂಕು ಅಂದಳು’ ಎಂಬ ಗಾದೆ?

ಉತ್ತರ (ಕಲಬುರಗಿ): ಮೂರೂ ಬೇಡ ಸರ್. ದೀಡ ಅಂದರೆ ಒಂದೂವರೆ. ಕೇಳದಿದ್ದರೂ ಎಲ್ಲದಕ್ಕೂ ಬುದ್ಧಿ ಹೇಳುವವನಿಗೆ ದೀಡಪಂಡಿತ ಅಂತೀವಿ. ಅದೂ ‘ಅತಿ ಶಾಣ್ಯಾ’ ಎಂಬುದೂ ಒಬ್ಬನ ಸ್ವಭಾವಕ್ಕೆ ಇಟ್ಟ ಹೆಸರು, ಬೈಗುಳವೂ ಹೌದು. ಗಾದೆಯಲ್ಲಿರುವುದು ನೆಪ, ತನಗೆ ಕುಣಿಯಲು ಬಾರದೆಂದು ಅವಳಿಗೆ ಗೊತ್ತು.

ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಜಸ್ಟಿನ್ ಕ್ರೂಗರ್ ಮತ್ತು ಡೇವಿಡ್ ಡನಿಂಗ್ 1999ರಲ್ಲಿ ತೋರಿಸಿದ್ದು ಅಂದಾಜಿನ ತಪ್ಪನ್ನು. ತರ್ಕ, ಇಂಗ್ಲಿಷ್ ವ್ಯಾಕರಣ, ಹಾಸ್ಯದ ಗ್ರಹಿಕೆ ಇವುಗಳಲ್ಲಿ ವಿದ್ಯಾರ್ಥಿಗಳನ್ನು ಪರೀಕ್ಷಿಸಿದರು. ಕೊನೆಯ ಕಾಲುಭಾಗದವರು ಇದ್ದದ್ದು 12ನೇ ಪರ್ಸೆಂಟೈಲಿನಲ್ಲಿ, ಅಂದುಕೊಂಡಿದ್ದು 62. ಪರ್ಸೆಂಟೈಲನ್ನು ‘ಶೇಕಡಾ’ ಎಂದು ಬರೆಯಬೇಡಿ. ಅದು ಅಂಕವಲ್ಲ, ನೂರು ಜನರ ಸಾಲಿನಲ್ಲಿ ಎಷ್ಟು ಜನರಿಗಿಂತ ಮುಂದೆ ಎಂಬ ಲೆಕ್ಕ.

ಕಾರಣಕ್ಕೆ ನಿಮ್ಮೂರಿನ ಬಿದರಿ ಕೆಲಸವನ್ನೇ ನೋಡಿ. ಕೊರೆದ ಗೆರೆ ಆಳವಿಲ್ಲದಿದ್ದರೆ ಬೆಳ್ಳಿ ತಂತಿ ಹಿಡಿಯದೆ ಮೇಲೇಳುತ್ತದೆ. ಸರಿಯಾಗಿ ಕೊರೆಯಲು ಬೇಕಾದ ಪಳಗಿಕೆಯೇ ಆಳ ಸಾಲದೆಂದು ಗುರುತಿಸಲೂ ಬೇಕು. ಅದಿಲ್ಲದವನಿಗೆ ತಪ್ಪು ಕಾಣುವುದೇ ಇಲ್ಲ. ಜಂಬ ಆಮೇಲಿನ ಮಾತು. ಹೀಗಾಗಿಯೇ ಅದೇ ಅಧ್ಯಯನದಲ್ಲಿ ತರ್ಕದ ಚಿಕ್ಕ ತರಬೇತಿ ಕೊಟ್ಟ ಮೇಲೆ ಹಿಂದುಳಿದವರು ತಮ್ಮ ಅಂದಾಜನ್ನು ತಾವೇ ಇಳಿಸಿಕೊಂಡರು. ನನ್ನ ಮಟ್ಟಿಗೆ ಇಡೀ ಸಂಶೋಧನೆಯ ಜೀವಾಳ ಇದು, ಪಾಠದಲ್ಲಿ ಬಿಡಬೇಡಿ.

ಅಲ್ಪಸ್ವಲ್ಪ ಕಲಿತವನ ಆತ್ಮವಿಶ್ವಾಸ ಎಲ್ಲರಿಗಿಂತ ಮೇಲಿದ್ದು, ಕಲಿತಂತೆ ಎತ್ತರದ ಗುಡ್ಡದಿಂದ ಕಣಿವೆಗೆ ಇಳಿಯುತ್ತದೆ ಎಂಬ ಚಿತ್ರ ಎಲ್ಲೆಡೆ ಹರಿದಾಡುತ್ತದೆ. ಮೂಲ ಲೇಖನದಲ್ಲಿ ಅದಿಲ್ಲ. ಅಲ್ಲಿ ಕೆಳಗಿನವರ ಅಂದಾಜು ಮೇಲಿನವರ ಅಂದಾಜಿಗಿಂತ ಕಡಿಮೆಯೇ ಇದೆ. ನಿಜಸ್ಥಾನಕ್ಕೂ ಅಂದಾಜಿಗೂ ಇರುವ ಅಂತರ ಮಾತ್ರ ದೊಡ್ಡದು. ಈ ಅಂತರದಲ್ಲಿ ಒಂದು ಪಾಲು ಬರೀ ಲೆಕ್ಕದ ಗುಣ ಎಂಬ ಆಕ್ಷೇಪವೂ ಇದೆ: ತೀರಾ ಕೆಳಗಿರುವವನ ಅಂದಾಜು ತಪ್ಪಿದರೆ ಮೇಲಕ್ಕೇ ತಪ್ಪಬೇಕು. ಆದ್ದರಿಂದ ‘ನಿಯಮ’ ಅನ್ನದೆ ‘ಪರಿಣಾಮ’ ಎಂದೇ ಇಡಿ.

ನನ್ನ ಸಲಹೆ: ಮೊದಲ ಸಲ ‘ಡನಿಂಗ್-ಕ್ರೂಗರ್ ಪರಿಣಾಮ’, ಆಮೇಲೆ ‘ಸ್ವಸಾಮರ್ಥ್ಯದ ಅತಿಅಂದಾಜು’. ‘ಅತಿವಿಶ್ವಾಸ’ ಸಾಲದು, ನುರಿತವರಿಗೂ ಅದು ಇರಬಹುದು. ವಾಕ್ಯದಲ್ಲಿ ಹೀಗೆ: ‘ವ್ಯಾಕರಣ ಬಾರದವರಲ್ಲೇ ಸ್ವಸಾಮರ್ಥ್ಯದ ಅತಿಅಂದಾಜು ಹೆಚ್ಚು ಕಂಡುಬಂತು.’