ಹೊಸ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಹಾಕೋಕೆ ಯಾಕಿಷ್ಟು ಅಡ್ಡಿ?

ಪ್ರಶ್ನೆ (ರಿಪೇರಿ ಅಂಗಡಿ, ತುಮಕೂರು):
ಡಿಗ್ರಿ ಓದುವ ಹುಡುಗಿಯೊಬ್ಬಳು ಹೊಸ ಲ್ಯಾಪ್‌ಟಾಪ್ ತಂದಿದ್ದಾಳೆ. ಪೆನ್‌ಡ್ರೈವ್ ಹಾಕಿ ಉಬುಂಟು (ವಿಂಡೋಸ್ ಬದಲು ಬಳಸುವ ಲಿನಕ್ಸ್‌ನ ಒಂದು ಬಗೆ) ಶುರು ಮಾಡಿದರೆ ‘ಸೆಕ್ಯೂರ್ ಬೂಟ್ ವಯಲೇಷನ್’ ಅಂತ ಕೆಂಪು ಡಬ್ಬಿ ಬರುತ್ತದೆ. (ಸೆಕ್ಯೂರ್ ಬೂಟ್ ಅಂದರೆ ನಂಬಿದ ಸಹಿ ಇರುವ ಸಾಫ್ಟ್‌ವೇರ್ ಮಾತ್ರ ಶುರುವಾಗಲು ಬಿಡುವ ಕಾವಲು.) ಅವಳಪ್ಪ ಸಾಲ ಮಾಡಿ ಕೊಡಿಸಿದ್ದು. ಅದರಲ್ಲಿ ಏನು ಓಡಬೇಕು ಅಂತ ಬೇರೆಯವರು ಯಾಕೆ ಹೇಳಬೇಕು?

ಉತ್ತರ 1:
ಅಣ್ಣ, ಇದು ಹಳೇ ಕತೆ. ಮೊದಲು ಮೈಕ್ರೋಸಾಫ್ಟ್ ಪ್ರೊಸೆಸರ್ ಲೆಕ್ಕದಲ್ಲಿ ಲೈಸೆನ್ಸ್ ಕೊಡುತ್ತಿತ್ತು. ಯಂತ್ರದಲ್ಲಿ ಬೇರೆ ಸಿಸ್ಟಂ ಹಾಕಿ ಮಾರಿದರೂ ತಯಾರಕರು ದುಡ್ಡು ಕಟ್ಟಬೇಕಿತ್ತು! ಅಮೆರಿಕ ಸರ್ಕಾರ ಕೇಸ್ ಹಾಕಿ, 1994ರ ಒಪ್ಪಂದದಲ್ಲಿ ಅದನ್ನು ನಿಲ್ಲಿಸಿತು. 2012ರಲ್ಲಿ ಯಂತ್ರದ ಮೇಲೆ ವಿಂಡೋಸ್ 8 ಲೋಗೋ ಹಾಕಬೇಕಿದ್ದರೆ ಸೆಕ್ಯೂರ್ ಬೂಟ್ ಆನ್ ಇರಲೇಬೇಕು ಅಂತ ಷರತ್ತು ಬಂತು. ಆಗ ಇಂಟೆಲ್ ಪಿಸಿಗಳಲ್ಲಿ ಆಫ್ ಮಾಡುವ ದಾರಿ ಕಡ್ಡಾಯವಾಗಿತ್ತು. ವಿಂಡೋಸ್ 10ರಲ್ಲಿ ಅದನ್ನೂ ತಯಾರಕರ ಇಷ್ಟಕ್ಕೆ ಬಿಟ್ಟರು. ನನಗೆ ಸಿಟ್ಟು ಬರೋದು ಇಲ್ಲೇ.

ಉತ್ತರ 2 (ಕೋಲಾರ):
ಉಬುಂಟುವಿನಲ್ಲಿ ಮೊದಲು ಓಡುವ ಪುಟ್ಟ ಪ್ರೋಗ್ರಾಂ ಶಿಮ್‌ಗೆ ಮೈಕ್ರೋಸಾಫ್ಟ್‌ನದೇ ಸಹಿ ಇದೆ. ಕೆಲವು ಹೊಸ ಯಂತ್ರಗಳಲ್ಲಿ ಆ ಸಹಿಯ ಕೀಲಿಯನ್ನೇ ಆಫ್ ಮಾಡಿ ಕಳಿಸುತ್ತಾರೆ. ಯಂತ್ರದ ಮೂಲ ಸೆಟ್ಟಿಂಗ್ ಆದ ಬಯಾಸ್‌ನಲ್ಲಿ ‘ಥರ್ಡ್ ಪಾರ್ಟಿ ಸಿಎ’ (ಅದೇ ಕೀಲಿ) ಆನ್ ಮಾಡಿ ನೋಡಿ. ಸೆಕ್ಯೂರ್ ಬೂಟ್ ಸುಮ್ನೆ ತೆಗೆಯಬೇಡಿ. ಬಿಟ್‌ಲಾಕರ್ (ವಿಂಡೋಸ್‌ನ ಡಿಸ್ಕ್ ಬೀಗ) ಇದ್ದರೆ ಅದನ್ನು ತೆರೆಯುವ ರಿಕವರಿ ಕೀ ಮೊದಲೇ ಬರೆದಿಟ್ಟುಕೊಳ್ಳಿ.

ರಿಪೇರಿ ಅಂಗಡಿ:
ಆ ಆಯ್ಕೆ ಸಿಕ್ಕಿತು, ಉಬುಂಟು ಎದ್ದಿತು. ವೈಫೈ ಮಾತ್ರ ಕಾಣ್ತಿಲ್ಲ. ಚಿಪ್ ನಂಬರ್ ನೋಡಿ ಹಾಕುತ್ತೇನೆ.