ಸಿಯಾಟಲ್‌ನಿಂದ ಅಲಾಸ್ಕಾ ಹೈವೇ: ಆಗಸ್ಟ್‌ನಲ್ಲಿ 16 ದಿನ ಸಾಕಾಗುತ್ತಾ?

ಕೆರೆದಂಡೆ (ಪ್ರಶ್ನೆ)
ಆಗಸ್ಟ್ ಎರಡನೇ ವಾರದಿಂದ 16 ದಿನ ರಜೆ. ಸಿಯಾಟಲ್‌ನಿಂದ ಸ್ವಂತ ಕಾರಲ್ಲಿ ಆಂಕರೇಜ್‌ಗೆ ಹೋಗಿ ಬರುವ ಯೋಚನೆ. ನಾವಿಬ್ಬರು ಮತ್ತು ಊರಿಂದ ಬಂದಿರುವ ಅಪ್ಪ-ಅಮ್ಮ. ಓಡಿಸುವವರು ಇಬ್ಬರು, ಕಾರು ಟೊಯೋಟಾ ರಾವ್4, ಸ್ಟೆಪ್ನಿ ಚಿಕ್ಕದು. ಕರಡಿ, ಮೂಸ್ (ಕಡವೆ ಜಾತಿಯ ಭಾರೀ ಪ್ರಾಣಿ), ಹಿಮನದಿ ನೋಡಲೇಬೇಕು, ಆದರೆ ಅಪ್ಪನಿಗೆ ಮಂಡಿನೋವು, ಬೆಟ್ಟ ಹತ್ತಿಸುವ ಹಾಗಿಲ್ಲ. ಪೆಟ್ರೋಲ್, ಟೈರ್, ಊಟ ಹೇಗೆ? ಎಚ್-1ಬಿ ಕೆಲಸದ ವೀಸಾ ಇರುವ ನಮ್ಮ ಪಾಸ್‌ಪೋರ್ಟ್‌ನಲ್ಲಿ ವೀಸಾ ಸ್ಟ್ಯಾಂಪ್ ಮುಗಿದಿದೆ, ಅದೂ ಒಂದು ಚಿಂತೆ.

ದೂರದಾರಿ
ಆಂಕರೇಜ್ ಬಿಟ್ಟುಬಿಡಿ. ಅಲ್ಲಿಗೆ ಒಂದು ಕಡೆಗೇ ಸುಮಾರು 3,600 ಕಿ.ಮೀ. 16 ದಿನದಲ್ಲಿ ಹೋಗಿ ಬಂದರೆ ಹಿರಿಯರು ದಿನವಿಡೀ ಸೀಟಲ್ಲೇ ಕೂತಿರಬೇಕಾಗುತ್ತೆ. ಕೆನಡಾದ ಯೂಕಾನ್ ಪ್ರದೇಶದವರೆಗೆ ಅಲಾಸ್ಕಾ ಹೈವೇಯಲ್ಲಿ ಹತ್ತಿ, ಕಸಿಯಾರ್ ಹೈವೇಯಲ್ಲಿ ಇಳಿಯಿರಿ. ಇಡೀ ಸುತ್ತು 5,800 ಕಿ.ಮೀ. ಆಸುಪಾಸು. ನಾಲ್ಕು ದಿನ ಸುಮ್ಮನೆ ಒಂದೆಡೆ ಉಳಿದರೂ ದಿನಕ್ಕೆ 500 ಕಿ.ಮೀ. ದಾಟಲ್ಲ.

ಕೆನಡಾದ ಡಾಸನ್ ಕ್ರೀಕ್‌ನಲ್ಲಿ ಅಲಾಸ್ಕಾ ಹೈವೇ ಶುರು. 1942ರಲ್ಲಿ ಅಮೆರಿಕದ ಸೇನೆ ಯುದ್ಧದ ಅವಸರದಲ್ಲಿ ಕಡಿದ ದಾರಿ ಇದು. ಫೋರ್ಟ್ ನೆಲ್ಸನ್‌ವರೆಗೆ ಬೇಗ ಬೇಗ ದಾಟಿ, ಅಲ್ಲಿ ನೋಡುವುದು ಕಡಿಮೆ. ಅಸಲು ದಾರಿ ಆಮೇಲಿನದು: ಸ್ಟೋನ್ ಮೌಂಟನ್, ಮಂಚೊ ಲೇಕ್, ಲಿಯಾರ್ಡ್ ಬಿಸಿನೀರಿನ ಬುಗ್ಗೆ. ಕಾಡುಕುರಿಗಳು ಉಪ್ಪು ನೆಕ್ಕಲು ರಸ್ತೆಗೇ ಇಳಿಯುತ್ತವೆ. ಲಿಯಾರ್ಡ್ ಸುತ್ತಮುತ್ತ ಬೈಸನ್ ಹಿಂಡುಗಳಿವೆ (ಬಂಡೀಪುರದಲ್ಲಿ ನಾವು ಬೈಸನ್ ಅನ್ನುವ ಕಾಟಿ ಬೇರೆ ಪ್ರಾಣಿ). ಬುಗ್ಗೆಗೆ ಹಲಗೆ ಹಾಸಿದ ಸಮತಟ್ಟು ಕಾಲುದಾರಿ ಇದೆ, ಮಂಡಿನೋವಿನವರೂ ನಿಧಾನಕ್ಕೆ ಹೋಗಬಹುದು.

ವೈಟ್‌ಹಾರ್ಸ್ ದಾಟಿ ಹೇನ್ಸ್ ಜಂಕ್ಷನ್, ಕ್ಲುವಾನಿ ಕೆರೆಯವರೆಗೆ ಹೋಗಿ ತಿರುಗಿ. ಅಲ್ಲಿ ತುಂಬಾ ಜನಕ್ಕೆ ನಿರಾಸೆ ಆಗುತ್ತೆ: ಕೆನಡಾದ ಅತಿ ಎತ್ತರದ ಲೋಗನ್ (5,959 ಮೀ.) ಆಗಲಿ, ದೊಡ್ಡ ಹಿಮನದಿಗಳಾಗಲಿ ರಸ್ತೆಗೆ ಕಾಣಲ್ಲ, ಮುಂದಿನ ಬೆಟ್ಟಸಾಲು ಮರೆ ಮಾಡುತ್ತೆ. ನೋಡಬೇಕೆಂದರೆ ಪುಟ್ಟ ವಿಮಾನದಲ್ಲಿ ಸುತ್ತಬೇಕು. ಮೋಡ ಕವಿದರೆ ಹಾರಾಟ ರದ್ದು, ಹಾಗಾಗಿ ಅಲ್ಲಿಗೆ ಎರಡು ರಾತ್ರಿ ಇಟ್ಟುಕೊಳ್ಳಿ. ಹಿಮನದಿ ಕರಗಿದರೆ ಏನಾಗುತ್ತೆ ಅನ್ನೋದು ಮಾತ್ರ ರಸ್ತೆಯಿಂದಲೇ ಕಾಣುತ್ತೆ. ಕಾಸ್ಕವುಲ್ಶ್ ಹಿಮನದಿ ಹಿಂದೆ ಸರಿದು 2016ರಲ್ಲಿ ಅದರ ನೀರು ಇನ್ನೊಂದು ಕಡೆ ಹರಿಯಿತು, ಕ್ಲುವಾನಿಗೆ ಬರುತ್ತಿದ್ದ ಸ್ಲಿಮ್ಸ್ ನದಿ ಬತ್ತಿತು. ಗಾಳಿ ಬೀಸಿದಾಗ ಆ ಬಯಲಿಂದ ಬೂದುಬಣ್ಣದ ಧೂಳು ಎದ್ದು ದಾರಿ ಮಬ್ಬಾಗುತ್ತೆ. ಆಗ ಗಾಜು ಏರಿಸಿ, ಎಸಿ ಒಳಗಿನ ಗಾಳಿಗೆ ಹಾಕಿಕೊಳ್ಳಿ.

ವಾಪಸು ಬರುವಾಗ ವಾಟ್ಸನ್ ಲೇಕ್‌ಗೆ ಸುಮಾರು 22 ಕಿ.ಮೀ. ಮುಂಚೆ ಬಲಕ್ಕೆ ಕಸಿಯಾರ್. ಆ ದಾರಿಯ ಮೆಜಿಯಾಡಿನ್‌ನಿಂದ ಸ್ಟೂವರ್ಟ್ ಊರಿಗೆ 65 ಕಿ.ಮೀ. ಒಳದಾರಿ, ಅದನ್ನು ಯಾವ ಕಾರಣಕ್ಕೂ ಬಿಡಬೇಡಿ. ಬೇರ್ ಗ್ಲೇಸಿಯರ್ ಕಾರಿನಿಂದಲೇ ಕಾಣುತ್ತೆ. ಸ್ಟೂವರ್ಟ್ ಪಕ್ಕದ ಹೈಡರ್ ಊರು ಅಲಾಸ್ಕಾಕ್ಕೇ ಸೇರಿದ್ದು. ಅಲ್ಲಿನ ಫಿಶ್ ಕ್ರೀಕ್‌ನಲ್ಲಿ ಜುಲೈ ಮಧ್ಯದಿಂದ ಸೆಪ್ಟೆಂಬರ್ ಶುರುವಿನವರೆಗೆ ಸಾಲ್ಮನ್ ಮೀನು ಹತ್ತಿ ಬರುತ್ತೆ, ಅದರ ಹಿಂದೆ ಕರಡಿ. ಎತ್ತರದ ಮರದ ಅಟ್ಟಣಿಗೆಯ ಮೇಲೆ ನಿಂತು ನೋಡಬಹುದು. ನಿಮ್ಮ ತಾರೀಖು ಅದಕ್ಕೆ ಹೇಳಿ ಮಾಡಿಸಿದ ಹಾಗಿದೆ.

ಸಾಲ್ಮನ್ ಗ್ಲೇಸಿಯರ್ ನೋಡುವ ಜಾಗ ಸ್ಟೂವರ್ಟ್‌ನಿಂದ 37 ಕಿ.ಮೀ. ಹೆಚ್ಚಿನದು ಮಣ್ಣುರಸ್ತೆ, ಒಂದು ಬದಿ ಆಳ ಕಣಿವೆ. ಆ ಹಿಮನದಿ ತಡೆದಿಟ್ಟ ಕೆರೆ ಸಾಮಾನ್ಯವಾಗಿ ಬೇಸಿಗೆಯಲ್ಲಿ ಹಿಮದಡಿಯಿಂದ ಒಮ್ಮೆಲೇ ಬರಿದಾಗಿ ಕೆಳಗೆ ನದಿ ಉಕ್ಕುತ್ತೆ. ಹೊರಡುವ ಬೆಳಗ್ಗೆ ಸ್ಟೂವರ್ಟ್‌ನಲ್ಲಿ ರಸ್ತೆ ಹೇಗಿದೆ ಅಂತ ಕೇಳಿಯೇ ಹೊರಡಿ.

ಗ್ಯಾರೇಜುಬೀದಿ
ಕಾರಿನ ವಿಚಾರ. ಆ ಚಿಕ್ಕ ಸ್ಟೆಪ್ನಿಯನ್ನು ನಂಬಬೇಡಿ. ಅದು 80 ಕಿ.ಮೀ. ವೇಗಕ್ಕೆ, ಹೆಚ್ಚುಕಮ್ಮಿ ಅಷ್ಟೇ ದೂರಕ್ಕೆ ಮಾಡಿದ್ದು. ಡೀಸ್ ಲೇಕ್ ಊರಿನಿಂದ ಕಸಿಯಾರ್‌ನ ಉತ್ತರದ ತುದಿಗೇ 230 ಕಿ.ಮೀ. ಮೇಲಿದೆ. ಪೂರ್ತಿ ಅಳತೆಯ ಹಳೇ ಟೈರೊಂದನ್ನು ರಿಮ್ ಸಮೇತ ಒಯ್ಯಿರಿ. ಜೊತೆಗೆ ಪಂಕ್ಚರ್ ಕಿಟ್, 12 ವೋಲ್ಟ್ ಕಂಪ್ರೆಸರ್, ಪ್ರೆಷರ್ ಗೇಜ್. ಪಂಕ್ಚರ್ ಹಾಕುವಾಗ ಕಡ್ಡಿಗೆ ಅಂಟಿನ ಎಳೆ ಪೋಣಿಸಿ ರೆಡಿ ಮಾಡಿಟ್ಟುಕೊಂಡೇ ಮೊಳೆ ಕೀಳಿ, ಮೊದಲೇ ಕಿತ್ತರೆ ಗಾಳಿ ಪೂರ್ತಿ ಹೋಗುತ್ತೆ. ತೂತನ್ನು ಅರದಿಂದ ಚೆನ್ನಾಗಿ ಉಜ್ಜಿ, ಎಳೆಯನ್ನು ಮುಕ್ಕಾಲು ಭಾಗ ಒಳಗೆ ತಳ್ಳಿ, ಕಡ್ಡಿಯನ್ನು ಸರ್‍ರನೆ ಎಳೆದು, ಗಾಳಿ ತುಂಬಿ, ಮೇಲೆ ಸೋಪುನೀರು ಹಾಕಿ ಗುಳ್ಳೆ ಬರುತ್ತಾ ನೋಡಿ. ಟೈರಿನ ಪಕ್ಕದ ಗೋಡೆ ಹರಿದಿದ್ದರೆ ಇದು ನಡೆಯಲ್ಲ.

ಮುಂದಿನ ಗಾಜಿಗೆ ಕಲ್ಲು ಬೀಳುವುದು ಬಹುಮಟ್ಟಿಗೆ ಖಂಡಿತ. ಎದುರು ಲಾರಿ ಬಂದರೆ ವೇಗ ತಗ್ಗಿಸಿ ಬಲಕ್ಕೆ ಸರಿಯಿರಿ, ಕಲ್ಲಿನ ಹೊಡೆತಕ್ಕೆ ಎರಡೂ ಗಾಡಿಯ ವೇಗ ಕೂಡುತ್ತೆ. ಚುಕ್ಕೆ ಬಿದ್ದ ಕೂಡಲೇ ಪಾರದರ್ಶಕ ಟೇಪ್ ಅಂಟಿಸಿ, ಧೂಳು-ನೀರು ಹೊಕ್ಕರೆ ಆಮೇಲೆ ರಿಪೇರಿ ಕೂರಲ್ಲ. ಬೆಳಗಿನ ಚಳಿಯಲ್ಲಿ ಬಿಸಿಗಾಳಿಯನ್ನು ನೇರ ಗಾಜಿಗೆ ಬಿಡಬೇಡಿ, ಆ ಚುಕ್ಕೆಯಿಂದಲೇ ಬಿರುಕು ಓಡುತ್ತೆ.

ಪೆಟ್ರೋಲ್ ಟ್ಯಾಂಕ್ ಅರ್ಧಕ್ಕೆ ಇಳಿಯುವ ಮುಂಚೆಯೇ ತುಂಬಿಸಿ, ಬೆಲೆ ನೋಡಬೇಡಿ. ಫೋರ್ಟ್ ನೆಲ್ಸನ್‌ನಿಂದ ವಾಟ್ಸನ್ ಲೇಕ್ 500 ಕಿ.ಮೀ. ಮೇಲೆ. ನಡುವೆ ಬಂಕ್‌ಗಳಿವೆ, ಆದರೆ ರಾತ್ರಿ ಮುಚ್ಚಿರುತ್ತವೆ. ಇಷ್ಟು ಪಾಲಿಸಿದರೆ ಕ್ಯಾನ್ ಬೇಕಿಲ್ಲ, ಕಾರಿನೊಳಗೆ ಪೆಟ್ರೋಲ್ ಇಟ್ಟುಕೊಂಡು ಹೋಗುವುದೂ ಅಪಾಯ. ಫೋನ್ ಸಿಗ್ನಲ್ ಊರುಗಳಲ್ಲಿ ಮಾತ್ರ ಅಂದುಕೊಳ್ಳಿ. ಮ್ಯಾಪ್ ಇಳಿಸಿಕೊಂಡಿರಿ, ಸ್ಯಾಟಲೈಟ್ ಮೆಸೆಂಜರ್ ಬಾಡಿಗೆಗೆ ತನ್ನಿ.

ಕಾಟಿಮಲೆ
ಕತ್ತಲಾದ ಮೇಲೆ ಓಡಿಸಬೇಡಿ. ಬಂಡೀಪುರದಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಗೇಟು ಹಾಕುತ್ತಾರೆ. ಇಲ್ಲಿ ಗೇಟಿಲ್ಲ, ನೀವೇ ಹಾಕಿಕೊಳ್ಳಬೇಕು. ಬೈಸನ್ ಮೈ ಕಪ್ಪು, ಹೆಡ್‌ಲೈಟಿಗೆ ಹೊಳೆಯಲ್ಲ. ಮೂಸ್ ಕಾಲು ಎಷ್ಟು ಉದ್ದ ಅಂದರೆ ಬೆಳಕು ಕಾಲಿಗೆ ಮಾತ್ರ ಬೀಳುತ್ತೆ, ಗುದ್ದಿದರೆ ಮೈಯೆಲ್ಲ ಗಾಜಿನ ಮೇಲೇ ಬರುತ್ತೆ. ನಿಂತು ನೋಡುವಾಗ ಕರಡಿಗೆ 100 ಮೀಟರ್, ಮೂಸ್-ಬೈಸನ್‌ಗೆ 30 ಮೀಟರ್ ದೂರ ಇರಲಿ.

ವೀಸಾ: ನಿಮ್ಮ ನಾಲ್ವರಿಗೂ ಕೆನಡಾ ವಿಸಿಟರ್ ವೀಸಾ ಬೇಕು. ಹೈಡರ್‌ಗೆ ಹೋಗಿ ಬಂದರೆ ಮತ್ತೆ ಕೆನಡಾ ಪ್ರವೇಶ, ಆದ್ದರಿಂದ ಮಲ್ಟಿಪಲ್ ಎಂಟ್ರಿ ಇದ್ದರೆ ಒಳ್ಳೆಯದು. ಅಮೆರಿಕಕ್ಕೆ ಮರಳಲು ನಿಮಗೆ ‘ಆಟೊಮ್ಯಾಟಿಕ್ ರಿವ್ಯಾಲಿಡೇಷನ್’ ನಿಯಮ ಇದೆ, ಸ್ಟ್ಯಾಂಪ್ ಮುಗಿದಿದ್ದರೂ ಮರಳಬಹುದು: ಕೆನಡಾದಲ್ಲಿ 30 ದಿನ ಮೀರಿರಬಾರದು, ಐ-94 (ಅಮೆರಿಕ ಪ್ರವೇಶದ ದಾಖಲೆ) ಚಾಲ್ತಿಯಲ್ಲಿರಬೇಕು, ಅಲ್ಲಿ ಹೊಸ ಅಮೆರಿಕ ವೀಸಾಕ್ಕೆ ಅರ್ಜಿ ಹಾಕಿರಬಾರದು. ಐ-94 ಮತ್ತು ಐ-797 (ಎಚ್-1ಬಿ ಮಂಜೂರಾತಿ ಪತ್ರ) ಪ್ರಿಂಟ್ ಕೈಲಿರಲಿ, ಹೊರಡುವ ಮುಂಚೆ ಕಂಪನಿಯ ವಕೀಲರನ್ನೂ ಒಂದು ಮಾತು ಕೇಳಿ.

ಕೆರೆದಂಡೆ
ಬಹಳ ಉಪಕಾರ. ಆಂಕರೇಜ್ ಕೈಬಿಟ್ಟೆವು. ಕ್ಯಾಂಪ್‌ನಲ್ಲಿ ಅಮ್ಮ ಅಡುಗೆ ಮಾಡಬಹುದಾ? ಕಾಡ್ಗಿಚ್ಚಿನಿಂದ ರಸ್ತೆ ಮುಚ್ಚಿದರೆ?

ಕಾಟಿಮಲೆ
ಮಾಡಬಹುದು. ಒಲೆ ಟೆಂಟಿನಿಂದ ದೂರ, ಗಾಳಿ ಟೆಂಟಿನ ಕಡೆ ಬೀಸದಂತೆ ಇರಲಿ. ಕರಡಿಗೆ ಇಂಗಿನ ಒಗ್ಗರಣೆಯೂ ಒಂದೇ, ಸುಟ್ಟ ಮಾಂಸವೂ ಒಂದೇ, ಎರಡೂ ಊಟದ ವಾಸನೆ. ತುಪ್ಪದ ಡಬ್ಬ, ಚಟ್ನಿಪುಡಿ, ಟೂತ್‌ಪೇಸ್ಟ್, ಎಂಜಲು ತಟ್ಟೆ ಎಲ್ಲ ಲೋಹದ ಪೆಟ್ಟಿಗೆಯಲ್ಲೋ ಬೀಗ ಹಾಕಿದ ಕಾರಿನಲ್ಲೋ. ಅಡುಗೆ ಮಾಡಿದ ಬಟ್ಟೆಯಲ್ಲಿ ಮಲಗಬಾರದು. ಗಡಿಯಲ್ಲಿ ಎಲ್ಲ ತಿನಿಸನ್ನೂ ಹೇಳಿಬಿಡಿ. ಬೇರ್ ಸ್ಪ್ರೇ (ಕರಡಿ ಓಡಿಸುವ ಖಾರದ ಸ್ಪ್ರೇ) ಒಯ್ದರೆ ಡಬ್ಬಿಯ ಮೇಲೆ ಪ್ರಾಣಿಗಳಿಗೆ ಅಂತ ಬರೆದಿರಲೇಬೇಕು.

ಬೆಂಕಿಯ ಭಯ ನಿಜ. 2024ರ ಮೇನಲ್ಲಿ ಫೋರ್ಟ್ ನೆಲ್ಸನ್ ಊರನ್ನೇ ಖಾಲಿ ಮಾಡಿಸಿದ್ದರು. ಉತ್ತರಕ್ಕೆ ಇರುವುದು ಇವೆರಡೇ ರಸ್ತೆ, ಒಂದು ಮುಚ್ಚಿದರೆ ಹೋದ ದಾರಿಯಲ್ಲೇ ವಾಪಸು. ಪ್ರತಿದಿನ ಬೆಳಗ್ಗೆ ಡ್ರೈವ್‌ಬಿಸಿ, 511 ಯೂಕಾನ್ (ರಸ್ತೆ ಹೇಗಿದೆ ಅಂತ ಹೇಳುವ ತಾಣಗಳು) ಎರಡನ್ನೂ ನೋಡಿಯೇ ಗಾಡಿ ತೆಗೆಯಿರಿ.