ಮಟನ್ ಖೀಮಾದಲ್ಲಿ ಇಟಲಿಯ ಪಾಸ್ತಾ ಸಾಸ್ ಮಾಡೋದು ಹೇಗೆ? ಎರಡು ಸಲ ಮಾಡಿದೆ, ಎರಡು ಸಲವೂ ಖೀಮಾ ಪಲ್ಯ ಆಯ್ತು

ಶಹಾಪುರದ ಅಡುಗೆಮನೆ:

ಎಲ್ಲರಿಗೂ ನಮಸ್ಕಾರ. ನಮ್ಮದು ಬೆಳಗಾವಿ, ಶಹಾಪುರ. ಮಗಳು ಪುಣೆಯಲ್ಲಿ ಓದುತ್ತಾಳೆ. ಮುಂದಿನ ಭಾನುವಾರ ಅವಳ ಹುಟ್ಟುಹಬ್ಬ, ಊರಿಗೆ ಬರುತ್ತಿದ್ದಾಳೆ. ಅಲ್ಲಿ ಗೆಳತಿಯರ ಜೊತೆ ತಿಂದ ಬೊಲೊನೀಸ್ ಪಾಸ್ತಾ ಅವಳಿಗೆ ಎಷ್ಟು ಹಿಡಿಸಿದೆ ಅಂದರೆ, ಫೋನ್ ಮಾಡಿದಾಗಲೆಲ್ಲ ಅದೇ ಮಾತು. "ಅವ್ವಾ, ಹೋಳಿಗೆ ಬೇಡ, ಕೇಕ್ ಬೇಡ, ಅದನ್ನೇ ಮಾಡು" ಅಂತ.

ಎರಡು ಸಲ ಮಾಡಿ ನೋಡಿದೆ. ಮೊದಲ ಸಲ ಖೀಮಾ ಕಡಾಯಿಗೆ ಬಿದ್ದ ಕೂಡಲೇ ನೀರು ಬಿಟ್ಟುಕೊಂಡಿತು, ಬೂದು ಬಣ್ಣಕ್ಕೆ ತಿರುಗಿ ರಬ್ಬರಿನ ಹಾಗೆ ಆಯಿತು. ಎರಡನೇ ಸಲ ಒಂದು ಕಿಲೋ ಟೊಮ್ಯಾಟೊ ಹಾಕಿದೆ, ಹುಳಿ ಅಂದರೆ ಹುಳಿ. ರುಚಿ ಸರಿ ಮಾಡೋಣ ಅಂತ ಚಿಟಿಕೆ ಗರಂ ಮಸಾಲೆ ಉದುರಿಸಿದೆ. ಅಲ್ಲಿಗೆ ಅದು ನಮ್ಮ ಖೀಮಾನೇ ಆಗಿಹೋಯಿತು. ರೊಟ್ಟಿ ಜೊತೆ ಚೆನ್ನಾಗಿತ್ತು, ಆದರೆ ಮಗಳು ಕೇಳಿದ್ದು ಅದಲ್ಲವಲ್ಲ.

ನಾವು ಹತ್ತು ಜನ ಇರುತ್ತೇವೆ. ಮನೆಯಲ್ಲಿ ವೈನ್ ತರುವುದಿಲ್ಲ, ಅದಿಲ್ಲದೆ ಆಗುತ್ತದಾ? ಸೆಲರಿ ಇಲ್ಲದಿದ್ದರೆ ಏನು ಹಾಕಬೇಕು? ನಮ್ಮ ಮಾವನವರಿಗೆ ಸಾವಜಿ ಊಟದ ಖಾರವೇ ರೂಢಿ, ಸಪ್ಪೆ ಆದರೆ ತಾಟು ಸರಿಸಿಬಿಡುತ್ತಾರೆ. ಗೊತ್ತಿದ್ದವರು ಬಿಡಿಸಿ ಹೇಳಿ.

ಚೋರ್ಲಾ ಘಾಟ್:

ಅಕ್ಕಾರೆ, ನಾನು ಗೋವಾದ ಹೋಟೆಲ್ ಕಿಚನ್ನಿನಲ್ಲಿ ಒಂಬತ್ತು ವರ್ಷ ಇದ್ದವನು, ಈ ಸಾಸ್ ಕೆಳಗೆ ಎಷ್ಟು ಸಿಲಿಂಡರ್ ಖಾಲಿಯಾಗಿವೆಯೋ ಲೆಕ್ಕವಿಲ್ಲ. ನಿಮ್ಮ ಎರಡೂ ತೊಂದರೆಗೆ ಮೂಲ ಒಂದೇ, ನೀರು. ಮಾಂಸದಲ್ಲಿ ನೀರು, ಟೊಮ್ಯಾಟೊದಲ್ಲೂ ನೀರು.

ಖೀಮಾ ಮನೆಗೆ ತಂದು ತೊಳೆದಿರಿ ಅಲ್ವಾ? ನಮ್ಮ ಕಡೆ ಎಲ್ಲರೂ ತೊಳೆಯುತ್ತಾರೆ. ಒಮ್ಮೆ ರುಬ್ಬಿದ ಮೇಲೆ ತೊಳೆದರೆ ಅದು ಸ್ಪಂಜಿನ ಹಾಗೆ ನೀರು ಕುಡಿಯುತ್ತದೆ. ಮಾಂಸದ ಮೇಲೆ ನೀರು ಇರುವವರೆಗೂ ಅದರ ಬಿಸಿ 100 ಡಿಗ್ರಿ ದಾಟುವುದಿಲ್ಲ, ಕಂದು ಬಣ್ಣ ಬರಲು ಸುಮಾರು 140 ಡಿಗ್ರಿ ಬೇಕು. ಅದಕ್ಕೇ ನಿಮ್ಮ ಖೀಮಾ ಹುರಿಯಲಿಲ್ಲ, ಬೆಂದಿತು. ಅಂಗಡಿಯಲ್ಲೇ ತೊಡೆ ಅಥವಾ ಭುಜದ ತುಂಡು ಆರಿಸಿ, ತುಂಡನ್ನೇ ತೊಳೆಸಿ, ಒರೆಸಿಸಿ, ಆಮೇಲೆ ಮಷೀನಿಗೆ ಒಂದೇ ಸಲ ಹಾಕಲು ಹೇಳಿ. ಎರಡು ಸಲ ಹಾಕಿದರೆ ಪೇಸ್ಟ್ ಆಗುತ್ತದೆ. ಸ್ವಲ್ಪ ಕೊಬ್ಬು ಇರಲಿ, ಪೂರ್ತಿ ತೆಗೆಸಬೇಡಿ. ಹಾಗೆಯೇ ನಾಲ್ಕು ನಲ್ಲಿ ಎಲುಬು ಕೇಳಿ ತನ್ನಿ, ಅವನ್ನು ಉಪ್ಪಿಲ್ಲದೆ ಕುದಿಸಿ ರಸ ತೆಗೆದಿಟ್ಟುಕೊಳ್ಳಿ. ಸಾಸಿಗೆ ನೀರು ಬೇಕೆನಿಸಿದಾಗ ಅದನ್ನೇ ಹಾಕುವುದು.

ಇನ್ನು ಟೊಮ್ಯಾಟೊ. ಇದು ಟೊಮ್ಯಾಟೊ ಸಾಸ್ ಅಂತ ಎಲ್ಲರೂ ತಿಳಿದಿದ್ದಾರೆ. ಅಲ್ಲ ರೀ, ಇದು ಮಾಂಸದ ಸಾಸ್. ಬೊಲೊನ್ಯಾ ಊರಿನ ವಾಣಿಜ್ಯ ಮಂಡಳಿಯಲ್ಲಿ 1982ರಲ್ಲಿ ಇಟಲಿಯ ಅಡುಗೆ ಅಕಾಡೆಮಿಯವರು ಇದರ ಪಾಕವನ್ನು ಅಧಿಕೃತವಾಗಿ ದಾಖಲಿಸಿದರು. ಅದರಲ್ಲಿ 300 ಗ್ರಾಂ ದನದ ಮಾಂಸಕ್ಕೆ ಐದೇ ಚಮಚ ಟೊಮ್ಯಾಟೊ ಸಾಸ್! 2023ರಲ್ಲಿ ಅದನ್ನು ತಿದ್ದಿ ಬರೆದಾಗ ಟೊಮ್ಯಾಟೊ ಸ್ವಲ್ಪ ಹೆಚ್ಚಿಸಿದರು, ಆದರೂ ಮಾಂಸವೇ ಜಾಸ್ತಿ. ಬೆಳ್ಳುಳ್ಳಿ ಇಲ್ಲ, ಶುಂಠಿ ಇಲ್ಲ, ಪಿಜ್ಜಾ ಜೊತೆ ಕೊಡುವ ಆರೆಗಾನೊ ಇಲ್ಲ. ಈರುಳ್ಳಿ, ಗಜ್ಜರಿ, ಸೆಲರಿ, ಹಂದಿಯ ಹೊಟ್ಟೆ ಭಾಗದ ಮಾಂಸ, ವೈನ್, ಹಾಲು, ಉಪ್ಪು, ಮೆಣಸು. ಹಾಲು ಕೇಳಿ ಗಾಬರಿಯಾಗಬೇಡಿ, ಹುಳಿಯನ್ನು ಮೆತ್ತಗೆ ಮಾಡುವುದೇ ಅದು.

ಹತ್ತು ಜನಕ್ಕೆ ಒಂದೂಕಾಲು ಕಿಲೋ ಖೀಮಾ ತೆಗೆದುಕೊಳ್ಳಿ. ಈರುಳ್ಳಿ ದೊಡ್ಡದು ಎರಡು, ಗಜ್ಜರಿ ಮೂರು, ಸೆಲರಿ ಸಿಕ್ಕರೆ ಮೂರು ದಂಟು. ಸಿಗದಿದ್ದರೆ ಬಿಟ್ಟುಬಿಡಿ, ಬದಲಿಗೆ ಕೊತ್ತಂಬರಿ ಹಾಕಲು ಮಾತ್ರ ಹೋಗಬೇಡಿ, ಆಮೇಲೆ ಬರೀ ಕೊತ್ತಂಬರಿಯೇ ಮೂಗಿಗೆ ಬಡಿಯುತ್ತದೆ. ಎಲ್ಲವನ್ನೂ ಸಾಸಿವೆಗಿಂತ ಸ್ವಲ್ಪ ದಪ್ಪ ಅನ್ನುವಷ್ಟು ಸಣ್ಣಗೆ ಹೆಚ್ಚಿ. ಅಗಲ ತಳದ, ದಪ್ಪನೆಯ ಪಾತೇಲಿಯಲ್ಲಿ ಎಣ್ಣೆ, ಬೆಣ್ಣೆ ಹಾಕಿ, ಸಣ್ಣ ಉರಿಯಲ್ಲಿ ಹದಿನೈದು ನಿಮಿಷ ಬಿಡಿ. ಈರುಳ್ಳಿ ಕೆಂಪಾಗಬಾರದು, ಬಾಡಿ ಸಿಹಿ ವಾಸನೆ ಬರಬೇಕು. ನಾವು ಮಸಾಲೆಗೆ ಈರುಳ್ಳಿ ಕೆಂಪಗೆ ಹುರಿಯುವ ಜನ, ಕೈ ತಡೆಯುವುದಿಲ್ಲ, ಆದರೆ ತಡೆಯಲೇಬೇಕು. ಆಮೇಲೆ ತೆಗೆದಿಟ್ಟುಬಿಡಿ.

ಅದೇ ಪಾತೇಲಿಯನ್ನು ಚೆನ್ನಾಗಿ ಕಾಯಿಸಿ, ಕಾಲು ಕಿಲೋ ಖೀಮಾ ಮಾತ್ರ ಹಾಕಿ. ಹರಡಿ. ಸೌಟು ಕೆಳಗಿಡಿ. ಮೂರು ನಾಲ್ಕು ನಿಮಿಷ ಮುಟ್ಟಬೇಡಿ. ಚುರ್ ಅನ್ನುವ ಸದ್ದು ಇರಬೇಕು, ಪುಸುಪುಸು ಅಂದರೆ ನೀರು ಬಿಡುತ್ತಿದೆ ಅಂತ ಅರ್ಥ. ಕೆಳಗೆ ಕಂದು ಬಣ್ಣ ಹಿಡಿದ ಮೇಲೆ ತಿರುವಿ, ಒಡೆದು, ತೆಗೆಯಿರಿ. ಹೀಗೆ ಐದು ಸಲ. ಬೇಸರ ಆಗುತ್ತದೆ ನಿಜ, ಆದರೆ ಇಡೀ ಸಾಸಿನ ರುಚಿ ಇರುವುದೇ ಇಲ್ಲಿ. ಪಾತೇಲಿಯ ತಳಕ್ಕೆ ಅಂಟಿದ್ದು ಸೀದಿದ್ದಲ್ಲ, ಅದನ್ನು ತೊಳೆದು ಚೆಲ್ಲಬೇಡಿ. ಸ್ವಲ್ಪ ಎಲುಬಿನ ರಸ ಹಾಕಿ ಕೆರೆದರೆ ಎಲ್ಲ ಸಾಸಿಗೆ ಇಳಿಯುತ್ತದೆ.

ನಮ್ಮಲ್ಲಿ ಸಿಗುವ ಹೈಬ್ರಿಡ್ ಟೊಮ್ಯಾಟೊಗೆ ಸಿಪ್ಪೆ ದಪ್ಪ, ನೀರು ಜಾಸ್ತಿ. ಚೆನ್ನಾಗಿ ಹಣ್ಣಾದ ಆರು ತಂದು, ತುರಿದು, ಬೇರೆ ಬಾಣಲೆಯಲ್ಲಿ ಅರ್ಧಕ್ಕೆ ಇಳಿಯುವವರೆಗೆ ಕುದಿಸಿ. ಜೊತೆಗೆ ಮೂರು ಚಮಚ ಟೊಮ್ಯಾಟೊ ಪೇಸ್ಟ್ ಅನ್ನು ಎಣ್ಣೆಯಲ್ಲಿ ಹುರಿದು ಹಾಕಿ. ಕೆಚಪ್ ಬೇಡವೇ ಬೇಡ. ಎಲ್ಲ ಒಂದಾದ ಮೇಲೆ ಎರಡೂವರೆ ಗಂಟೆ, ಅತಿ ಸಣ್ಣ ಉರಿ, ಮುಚ್ಚಳ ಅರ್ಧ ತೆರೆದು. ಕೊತಕೊತ ಕುದಿಯಬಾರದು, ಅಲ್ಲೊಂದು ಇಲ್ಲೊಂದು ಗುಳ್ಳೆ ಏಳಬೇಕು. ನೇಪಲ್ಸ್ ಕಡೆಯವರು ತಮ್ಮ ಮಾಂಸದ ಸಾಸ್ ಹೀಗೆ ಗುಳುಗುಳು ಅನ್ನುವುದಕ್ಕೇ ಒಂದು ಮಾತು ಇಟ್ಟುಕೊಂಡಿದ್ದಾರೆ, 'ಪಿಪ್ಪಿಯಾರೆ' ಅಂತ. ಕೊನೆಯ ಅರ್ಧ ಗಂಟೆಯಲ್ಲಿ ಒಂದು ಲೋಟ ಗಟ್ಟಿ ಹಾಲನ್ನು ಸ್ವಲ್ಪ ಸ್ವಲ್ಪವೇ ಸೇರಿಸಿ.

ತಿಲಕವಾಡಿ ನೌಕರಿಯವಳು:

ಎರಡೂವರೆ ಗಂಟೆ ಗ್ಯಾಸ್ ಮುಂದೆ ನಿಲ್ಲಲು ಯಾರಿಗೆ ಆಗುತ್ತದೆ ಹೇಳಿ? ನಾನು ಕುಕ್ಕರಿನಲ್ಲಿ ಮಾಡುತ್ತೇನೆ. ಹುರಿಯುವುದೆಲ್ಲ ಮೇಲೆ ಹೇಳಿದ ಹಾಗೆಯೇ, ಆಮೇಲೆ ಮುಚ್ಚಿ ನಾಲ್ಕು ಸೀಟಿ. ಮಟನ್ ಮೆತ್ತಗಾಗುತ್ತದೆ, ಮಕ್ಕಳು ಖುಷಿಯಾಗಿ ತಿನ್ನುತ್ತಾರೆ.

ಚೋರ್ಲಾ ಘಾಟ್:

ಮೆತ್ತಗಾಗುತ್ತದೆ, ಒಪ್ಪುತ್ತೇನೆ. ಆದರೆ ಕುಕ್ಕರಿನಲ್ಲಿ ನೀರು ಹೊರಗೆ ಹೋಗುವುದಿಲ್ಲ, ಸಾಸ್ ತೆಳ್ಳಗೆ ಉಳಿಯುತ್ತದೆ. ಸೀಟಿ ಇಳಿದ ಮೇಲೆ ಮುಚ್ಚಳ ತೆಗೆದು ಮತ್ತೆ ನಲವತ್ತು ನಿಮಿಷ ಸಣ್ಣ ಉರಿಯಲ್ಲಿ ಬಿಡಿ, ಆಗ ಸರಿ. ವಾರದ ದಿನಕ್ಕೆ ಅಷ್ಟು ಸಾಕು. ಹುಟ್ಟುಹಬ್ಬಕ್ಕಾದರೆ ಪೂರ್ತಿ ಹೊತ್ತು ಕೊಡಿ ಅಂತಲೇ ನನ್ನ ಮಾತು. ಮುಂದೆ ನಿಲ್ಲಬೇಕಾಗಿಯೂ ಇಲ್ಲ, ಹತ್ತು ನಿಮಿಷಕ್ಕೊಮ್ಮೆ ತಳ ಕೆದಕಿದರೆ ಆಯಿತು.

ತಿಕೋಟಾ ದ್ರಾಕ್ಷಿ ತೋಟ:

ವೈನ್ ಬಗ್ಗೆ ಹೇಳುತ್ತೇನೆ. ನಮ್ಮದು ವಿಜಯಪುರ ಜಿಲ್ಲೆ, ಮನೆತನದಿಂದ ದ್ರಾಕ್ಷಿ, ಒಣದ್ರಾಕ್ಷಿ. ವೈನ್ ಇಲ್ಲಿ ಮಾಡುವ ಕೆಲಸ ಎರಡು: ಸ್ವಲ್ಪ ಹುಳಿ, ಸ್ವಲ್ಪ ಹಣ್ಣಿನ ರುಚಿ. ಪೂರ್ತಿ ಹಣ್ಣಾಗದ ಹುಳಿ ದ್ರಾಕ್ಷಿ ಸಿಕ್ಕರೆ ಒಂದು ಹಿಡಿ ಜಜ್ಜಿ, ಸೋಸಿ, ಕಾಲು ಲೋಟ ರಸವನ್ನು ಖೀಮಾ ಹುರಿದ ಮೇಲೆ ಹಾಕಿ, ಪೂರ್ತಿ ಇಂಗಲು ಬಿಡಿ. ಈಗ ಹಂಗಾಮು ಅಲ್ಲದಿದ್ದರೆ ಎರಡು ಚಮಚ ವಿನೆಗರ್ ಅನ್ನು ಎಲುಬಿನ ರಸದಲ್ಲಿ ಬೆರೆಸಿ ಹಾಕಿ. ಹುಣಸೆ ಬೇಡ. ಅದರ ರುಚಿ ಬಂದರೆ ಸಾರಿನ ಕಡೆ ಹೋಗಿಬಿಡುತ್ತದೆ.

ಇಳಕಲ್ ಕುರಿಹಟ್ಟಿ:

ಮೇಲಿನ ಅಣ್ಣಾರು ಹೇಳಿದ್ದೆಲ್ಲ ಸರಿ, ಆದರೆ ಒಂದು ಮಾತು. ಮಟನ್ ಹಾಕಿ ಬೊಲೊನ್ಯಾದ ಹೆಸರು ಹೇಳುವುದಕ್ಕಿಂತ, ಇಟಲಿಯಲ್ಲೇ ಕುರಿಮಾಂಸದ ಸಾಸ್ ಮಾಡುವ ಸೀಮೆ ಇದೆಯಲ್ಲ, ಅಬ್ರುಝೋ, ಅದನ್ನು ಹಿಡಿಯಿರಿ. ನಾನು ಕೆಲಸದ ಮೇಲೆ ಎರಡು ವರ್ಷ ಪೆಸ್ಕಾರಾದಲ್ಲಿ ಇದ್ದೆ, ಅದು ಅಬ್ರುಝೋದ ಸಮುದ್ರ ದಂಡೆಯ ಊರು. ಹಿಂದೆ ಕುರುಬರು ಚಳಿಗಾಲಕ್ಕೆ ಅಲ್ಲಿನ ಗುಡ್ಡಗಳಿಂದ ಹಿಂಡು ಹೊಡೆದುಕೊಂಡು ದಕ್ಷಿಣದ ಪುಲ್ಯಾ ಬಯಲಿಗೆ ನಡೆಯುತ್ತಿದ್ದರು. ಕುರಿ ನಡೆದ ಆ ಅಗಲ ದಾರಿಗಳನ್ನು ಈಗಲೂ ತೋರಿಸುತ್ತಾರೆ. ನಮ್ಮ ಕಡೆ ಡೆಕ್ಕನಿ ಕುರಿಗಳ ಹಿಂಡು ಕಟ್ಟಿಕೊಂಡು ಊರೂರು ತಿರುಗುವ ಕುರುಬರನ್ನು ನೋಡಿ ಬೆಳೆದವನು ನಾನು. ಅಲ್ಲಿ ಆ ದಾರಿ ನೋಡಿದ ದಿನ ಮನೆ ನೆನಪಾಗಿ ಕಣ್ಣು ತುಂಬಿ ಬಂದಿತ್ತು.

ಆ ಸೀಮೆಯ ಕುರಿ ಸಾಸಿನಲ್ಲಿ ಒಣಮೆಣಸಿನಕಾಯಿ ಹಾಕುವವರಿದ್ದಾರೆ. ಹಾಗಾಗಿ ನಿಮ್ಮ ಮಾವನವರಿಗೂ ದಾರಿ ಇದೆ! ಎರಡು ಬ್ಯಾಡಗಿ ಮೆಣಸಿನಕಾಯಿಯನ್ನು ಬೀಜ ತೆಗೆದು, ಬಿಸಿನೀರಲ್ಲಿ ನೆನೆಸಿ, ರುಬ್ಬಿ, ಗಜ್ಜರಿ ಈರುಳ್ಳಿ ಜೊತೆ ಹಾಕಿ. ಬಣ್ಣ ಬರುತ್ತದೆ, ಸಣ್ಣ ಖಾರ ಬರುತ್ತದೆ. ಲವಂಗ, ದಾಲ್ಚಿನ್ನಿ, ಕೊಬ್ಬರಿ ಹತ್ತಿರವೂ ತರಬೇಡಿ. ಅವರಿಗೆ ಇನ್ನೂ ಖಾರ ಬೇಕಾದರೆ ಮೆಣಸಿನಕಾಯಿ ಎಣ್ಣೆ ಬೇರೆ ಬಟ್ಟಲಲ್ಲಿ ಇಡಿ.

ಇನ್ನೊಂದು, ಕುರಿ ಕೊಬ್ಬು ಆರಿದರೆ ಬಾಯಲ್ಲಿ ಮೇಣದ ಹಾಗೆ ಗಟ್ಟಿಯಾಗುತ್ತದೆ. ಸಾಸನ್ನು ಶನಿವಾರವೇ ಮಾಡಿ ಫ್ರಿಜ್ಜಿನಲ್ಲಿಡಿ. ಬೆಳಿಗ್ಗೆ ಮೇಲೆ ಕಟ್ಟಿದ ಕೊಬ್ಬನ್ನು ಚಮಚದಲ್ಲಿ ಮುಕ್ಕಾಲು ಪಾಲು ತೆಗೆದುಬಿಡಿ. ಒಂದು ರಾತ್ರಿ ಕೂತರೆ ರುಚಿಯೂ ಹೆಚ್ಚುತ್ತದೆ. ಬಡಿಸುವ ತಾಟುಗಳನ್ನು ಬಿಸಿ ಮಾಡಿ ಇಟ್ಟುಕೊಳ್ಳಿ, ಬಿಸಿಯಾಗಿಯೇ ತಿನ್ನಲು ಹೇಳಿ.

ಶಹಾಪುರದ ಅಡುಗೆಮನೆ:

ಎಷ್ಟು ಕೈಹಿಡಿದು ಹೇಳಿದ್ದೀರಿ ಎಲ್ಲರೂ, ತುಂಬಾ ಉಪಕಾರವಾಯಿತು. ಹೌದು, ಖೀಮಾ ಎರಡೂ ಸಲ ಮೂರು ನೀರಲ್ಲಿ ತೊಳೆದಿದ್ದೆ. ಪಾಸ್ತಾ ಯಾವುದು ತರಲಿ? ಬೇಯಿಸಿದ ಮೇಲೆ ತಣ್ಣೀರು ಹಾಕಿ ಎಣ್ಣೆ ಸವರಿ ಇಡುತ್ತೇನೆ, ಶಾವಿಗೆಗೆ ಮಾಡುವ ಹಾಗೆ. ಸರಿ ಅಲ್ವಾ?

ಚೋರ್ಲಾ ಘಾಟ್:

ತಣ್ಣೀರೂ ಬೇಡ, ಎಣ್ಣೆಯೂ ಬೇಡ. ಪಾಸ್ತಾ ಮೇಲಿನ ಗಂಜಿಯ ಅಂಟೇ ಸಾಸನ್ನು ಹಿಡಿಯುವುದು. ತೊಳೆದರೆ ಸಾಸ್ ಜಾರಿ ತಾಟಿನ ತಳಕ್ಕೆ ಕೂರುತ್ತದೆ.

ಬೊಲೊನ್ಯಾದಲ್ಲಿ ಸ್ಪಗೆಟ್ಟಿ ಹಾಕುವುದಿಲ್ಲ, ಮೊಟ್ಟೆ ಹಾಕಿ ಲಟ್ಟಿಸಿ ಪಟ್ಟಿ ಕತ್ತರಿಸಿದ ತಾಲ್ಯಾತೆಲ್ಲೆ ಬೇಕು ಅನ್ನುತ್ತಾರೆ. ನಮಗೆ ಪೆನ್ನೆ ಇಲ್ಲವೇ ಫುಸಿಲ್ಲಿ ಸಾಕು, ಖೀಮಾ ಅದರ ಕೊಳವೆಗೆ, ಸುರುಳಿಗೆ ಸಿಕ್ಕಿಕೊಳ್ಳುತ್ತದೆ. ಪ್ಯಾಕೆಟ್ ಮೇಲೆ ಡ್ಯೂರಮ್ ಗೋಧಿ ಅಂತ ಇರುವುದನ್ನೇ ನೋಡಿ ತನ್ನಿ, ಮೈದಾದ್ದು ಮುದ್ದೆಯಾಗುತ್ತದೆ. ಡ್ಯೂರಮ್ ನಮಗೆ ಹೊಸದಲ್ಲ, ಉತ್ತರ ಕರ್ನಾಟಕದ ಕರಿನೆಲದಲ್ಲಿ ಬೆಳೆಯುವ ಗಟ್ಟಿ ಗೋಧಿಯೇ ಅದು.

ಹತ್ತು ಜನಕ್ಕೆ ಒಂದು ಕಿಲೋ. ಎರಡು ಸಲಕ್ಕೆ ಬೇಯಿಸಿ, ಪ್ರತಿ ಸಲ ಐದು ಲೀಟರ್ ನೀರು, ಲೀಟರಿಗೆ ಹತ್ತು ಗ್ರಾಂ ಉಪ್ಪು. ಪ್ಯಾಕೆಟ್ ಹೇಳಿದ್ದಕ್ಕಿಂತ ಒಂದು ನಿಮಿಷ ಮೊದಲೇ ತೆಗೆದು, ನೇರವಾಗಿ ಬಿಸಿ ಸಾಸಿಗೆ ಹಾಕಿ, ಬೇಯಿಸಿದ ನೀರು ಒಂದು ಸೌಟು ಸೇರಿಸಿ ಜೋರು ಉರಿಯಲ್ಲಿ ತಿರುವಿ. ಆ ಒಂದು ನಿಮಿಷದಲ್ಲಿ ಎರಡೂ ಕೂಡಿಕೊಳ್ಳುತ್ತವೆ. ಮೇಲೆ ಪಾರ್ಮೆಸಾನ್ ಚೀಸ್ ತುರಿ. ದುಬಾರಿ ಅನಿಸಿದರೆ ಸಣ್ಣ ತುಂಡು ತನ್ನಿ, ಹತ್ತು ಜನಕ್ಕೆ ನೂರು ಗ್ರಾಂ ಸಾಕು.

ಶಹಾಪುರದ ಅಡುಗೆಮನೆ:

ಭಾನುವಾರ ರಾತ್ರಿ ಬರೆಯುತ್ತಿದ್ದೇನೆ, ಪಾತ್ರೆ ಈಗ ತೊಳೆದು ಮುಗಿಯಿತು. ಶನಿವಾರ ಮಟನ್ ಅಂಗಡಿಯಲ್ಲಿ ನಿಂತು ತುಂಡು ತೊಳೆಸಿ, ಒರೆಸಿಸಿ, ಒಂದೇ ಸಲ ಮಷೀನಿಗೆ ಹಾಕಿಸಿದೆ. ಐದು ಸಲ ಹುರಿದೆ. ಎರಡನೇ ಸರತಿಗೆ ಆ ಚುರ್ ಸದ್ದು ಬಂತು, ಮನೆಯೆಲ್ಲ ಬೇರೆಯೇ ವಾಸನೆ. ವಿನೆಗರ್ ಹಾಕಿದೆ, ಎರಡು ಬ್ಯಾಡಗಿ ಹಾಕಿದೆ, ಹಾಲು ಹಾಕುವಾಗ ಕೈ ನಡುಗಿತು, ಒಡೆಯಲಿಲ್ಲ. ಸೆಲರಿ ಸಿಗಲಿಲ್ಲ, ಬಿಟ್ಟೆ. ಬೆಳಿಗ್ಗೆ ನೋಡಿದರೆ ಮೇಲೆ ಒಂದು ಬಟ್ಟಲು ಕೊಬ್ಬು!

ಮಗಳು ಮೊದಲ ತುತ್ತು ತಿಂದು ಏನೂ ಹೇಳಲಿಲ್ಲ, ಎದ್ದು ಬಂದು ತಬ್ಬಿಕೊಂಡಳು. ಮಾವನವರು ಪಾಸ್ತಾ ನಾಲ್ಕೇ ತುತ್ತು ತಿಂದರು, ಆಮೇಲೆ ಬರೀ ಸಾಸನ್ನು ಬಟ್ಟಲಿಗೆ ಹಾಕಿಸಿಕೊಂಡು ಜೋಳದ ರೊಟ್ಟಿ ಜೊತೆ ಎರಡು ಸಲ ಕೇಳಿ ತಿಂದರು. ಮೆಣಸಿನಕಾಯಿ ಎಣ್ಣೆಯ ಬಟ್ಟಲು ಮುಟ್ಟಲೇ ಇಲ್ಲ.

ಎರಡು ಡಬ್ಬಿಯಷ್ಟು ಸಾಸ್ ಉಳಿದಿದೆ. ಮಗಳು ನಾಳೆ ಬೆಳಗಿನ ಬಸ್ಸಿಗೆ ಹೋಗುತ್ತಾಳೆ. ಒಂದು ಡಬ್ಬಿಯನ್ನು ರಾತ್ರಿಯೆಲ್ಲ ಫ್ರೀಜರಿನಲ್ಲಿಟ್ಟು ಗಟ್ಟಿ ಮಾಡಿ ಕೊಟ್ಟರೆ ಪುಣೆ ಮುಟ್ಟುವವರೆಗೆ ಕೆಡದೆ ಇರುತ್ತದಾ?

ಇಳಕಲ್ ಕುರಿಹಟ್ಟಿ:

ಕಲ್ಲಿನ ಹಾಗೆ ಗಟ್ಟಿಯಾಗಿರಬೇಕು, ಸ್ಟೀಲ್ ಡಬ್ಬಿ ಬೇಡ, ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಚಪ್ಪಟೆ ಮಾಡಿ ಈಗಲೇ ಇಡಿ, ಬೇಗ ಹೆಪ್ಪುಗಟ್ಟುತ್ತದೆ. ಬೆಳಿಗ್ಗೆ ನಾಲ್ಕು ಸುತ್ತು ಪೇಪರ್ ಸುತ್ತಿ, ಐಸ್ ಪ್ಯಾಕ್ ಜೊತೆ ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಕಳಿಸಿ. ಮುಟ್ಟಿದಾಗ ಇನ್ನೂ ತಣ್ಣಗೆ ಕೊರೆಯುತ್ತಿದ್ದರೆ ಫ್ರಿಜ್ಜಿಗೆ ಹಾಕಿ, ಮರುದಿನ ಚೆನ್ನಾಗಿ ಕುದಿಸಿ ತಿನ್ನಲಿ. ಬೆಚ್ಚಗಾಗಿದ್ದರೆ ಆಸೆಪಟ್ಟು ತಿನ್ನುವುದು ಬೇಡ ಅಂತ ಈಗಲೇ ಹೇಳಿ ಕಳಿಸಿ.